ತೂಕ ಇಳಿಯದ ರಸಪುರಿ

ನನಗೊಂದು ಕೆಟ್ಟ ಚಟವಿದೆ. ಎದುರಿಗೆ ಯಾರೇ ಸಿಕ್ಕರೂ ಪಾಠ ಶುರುಮಾಡುತ್ತೇನೆ. ಶ್ರೀನಿವಾಸಪುರದ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಜೀವಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಅಲ್ಲಿ ಯಾರೂ ಕೇಳುವುದಿಲ್ಲ, ಆ ಸಿಟ್ಟೆಲ್ಲ ನೆಂಟರ ಮನೆಯಲ್ಲಿ ಹೊರಬರುತ್ತದೆ.

ಭಾರತಮ್ಮ ನನ್ನ ಸೋದರತ್ತೆ. ಅವಳ ಗಂಡ ಚನ್ನರಾಯಪ್ಪ ಮಾವನಿಗೆ ಊರ ಹೊರಗೆ ಮಾವಿನ ತೋಟವಿದೆ, ಮೈಯೊಳಗೆ ಸಕ್ಕರೆ ಕಾಯಿಲೆಯಿದೆ. ಎಡಗಾಲಿನ ಹೆಬ್ಬೆರಳ ಹುಣ್ಣು ಎರಡು ತಿಂಗಳಾದರೂ ಮಾಯುತ್ತಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನ ಮಾವ, ಈ ವರ್ಷ ಒಂದು ಹಣ್ಣನ್ನೂ ಮುಟ್ಟುವುದಿಲ್ಲ ಎಂದು ಅತ್ತೆಯ ತಲೆ ಮುಟ್ಟಿ ಆಣೆ ಮಾಡಿದ್ದರು.

ಆದರೂ ಮನೆಗೆಂದು ಒಂದು ಕ್ರೇಟು ರಸಪುರಿ ಕಾಯಿಯನ್ನು ಹಣ್ಣಾಗಲೆಂದು ನೆಲ್ಲುಹುಲ್ಲಿನಲ್ಲಿ ಅಡೆ ಹಾಕಲೇಬೇಕಲ್ಲ. ಅಡೆ ಹಾಕಿದ ಮೇಲೆ ಏಳನೇ ದಿನದವರೆಗೆ ಹುಲ್ಲು ಸರಿಸುವಂತಿಲ್ಲ, ಕಾವು ಹೋಗುತ್ತದೆ. ಹುಲ್ಲು ಸರಿಸದೆ ಹಣ್ಣು ಎಣಿಸುವುದು ಹೇಗೆ, ಗಂಡನನ್ನು ಕಾಯುವುದು ಹೇಗೆ? ಅತ್ತೆ ಕ್ರೇಟನ್ನೇ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟಳು. ಹುಲ್ಲೂ ಸೇರಿ ಇಪ್ಪತ್ತು ಕಿಲೋ.

ಆರನೇ ದಿನ ನಾನು ಹೋದಾಗ ಅವಳು ಮತ್ತೆ ತೂಗುತ್ತಿದ್ದಳು.

"ನೋಡೋ ಚೈತನ್ಯ, ಇಪ್ಪತ್ತಂದ್ರೆ ಇಪ್ಪತ್ತೇ! ನಿಮ್ ಮಾವ ಮುಟ್ಟೇ ಇಲ್ಲ ಕಣೋ" ಎಂದಳು. ಕಣ್ಣಲ್ಲಿ ನೀರಿತ್ತು. ಮಾವ ಜಗಲಿಯ ಮೇಲೆ ಪಟ್ಟಿ ಸುತ್ತಿದ ಕಾಲು ಚಾಚಿ, ಸಾಧುವಿನ ಮುಖ ಮಾಡಿಕೊಂಡು ಕೂತಿದ್ದರು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ನೆಮ್ಮದಿಯಾಗಿ ಕಾಫಿ ಕುಡಿಯಬಹುದಿತ್ತು.

"ಅದು ಸಾಧ್ಯವೇ ಇಲ್ಲ ಅತ್ತೆ" ಎಂದೆ. "ಕಿತ್ತ ಮೇಲೂ ಹಣ್ಣಿಗೆ ಜೀವ ಇರುತ್ತೆ. ಅದರ ಒಂದೊಂದು ಜೀವಕೋಶವೂ ಉಸಿರಾಡ್ತಾ ಒಳಗಿನ ಸಕ್ಕರೆ ಉರಿಸುತ್ತೆ. ಬಂದ ಶಕ್ತೀಲಿ ಒಂದು ಪಾಲು ಹಣ್ಣಾಗೋ ಕೆಲಸಕ್ಕೆ, ಉಳಿದಿದ್ದು ಶಾಖ. ನೀನು ಕಾವು ಅಂತೀಯಲ್ಲ, ಅದೇ. ಶಾಖ ಚೆಲ್ಲದೆ ಕೆಲಸ ಮಾಡೋ ಜೀವ ಈ ಲೋಕದಲ್ಲೇ ಇಲ್ಲ. ಉರಿದ ಸಕ್ಕರೆ ಗಾಳಿಯಾಗಿ ಹೋಗುತ್ತೆ, ನೀರು ಆವಿಯಾಗಿ ಹೋಗುತ್ತೆ. ಆರು ದಿನಕ್ಕೆ ಒಂದು ಕಿಲೋನಾದ್ರೂ ಇಳೀಲೇಬೇಕು."

"ಇಳೀದಿದ್ರೆ?"

"ಹಣ್ಣು ಸತ್ತಿರ್ಬೇಕು. ಇಲ್ಲಾಂದ್ರೆ…"

ಮಾವ ಕೆಮ್ಮಿದರು. ಆ ಕೆಮ್ಮು ನನಗೆ ಅರ್ಥವಾಗುವಷ್ಟರಲ್ಲಿ ಅತ್ತೆ ಹುಲ್ಲಿನೊಳಗೆ ಮೊಣಕೈವರೆಗೂ ಕೈ ತೂರಿಸಿಬಿಟ್ಟಿದ್ದಳು.

"ಇಲ್ಲಿ ಬೆಚ್ಚಗೈತೆ. ಇಲ್ಲೂ ಬೆಚ್ಚಗೈತೆ. ಇದೇನು, ಈ ಮೂಲೆ ತಣ್ಣಗೈತೆ?"

ಆ ಮೂಲೆಯಿಂದ ಹೊರಬಂದದ್ದು ಹಸಿರು ಕಾಯಿ. ಬೆಳಿಗ್ಗೆಯಷ್ಟೇ ಕಿತ್ತದ್ದು, ತೊಟ್ಟಿನ ಸೊನೆ ಇನ್ನೂ ಆರಿರಲಿಲ್ಲ. ಅದೂ ರಸಪುರಿಯಲ್ಲ, ಉದ್ದ ಮೂಗಿನ ತೋತಾಪುರಿ.

"ಏಮಿರಾ ನೀ ಸೈನ್ಸು!" ಎಂದು ಮಾವ ತೆಲುಗಿನಲ್ಲೇ ನನ್ನ ಮೇಲೆ ಹರಿಹಾಯ್ದರು. ಆಮೇಲೆ ಅತ್ತೆಯ ಕಡೆ ತಿರುಗಿ ದನಿ ತಗ್ಗಿಸಿದರು. "ದಿನಕ್ಕೊಂದೇ ಕಣೇ. ಮೊದಲ್ನೇ ಎರಡು ಹುಳಿ, ಅವನ್ನ ಬಿಟ್ಟಾಕು. ತಿಂದಷ್ಟೇ ತೂಕದ ಕಾಯಿ ಹಾಕ್ದೆ. ಮಾರನೇ ದಿನ ನೋಡಿದ್ರೆ ತೂಕ ಮತ್ತೆ ಕಮ್ಮಿ! ಇನ್ನೊಂದು ಹಾಕ್ದೆ. ತಿಂದಿದ್ದು ಐದು, ಹಾಕಿದ್ದು ಒಂಬತ್ತು. ಇನ್ಯಾರೋ ಕದೀತಾವ್ರೆ ಅಂತ ನಾನೇ ಕಾವಲು ಬೇರೆ ಕೂತಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಮುಖ ನೋಡಿದ ಮೇಲೆ ನಾಚಿಕೆಯಾಯಿತು.

ಅವಳು ತೋತಾಪುರಿಯನ್ನು ಹಿಡಿದುಕೊಂಡೇ ಹೋಗಿ ಮಾವನ ಕಾಲ ಹತ್ತಿರ ಕೂತಳು. ಪಟ್ಟಿ ಸುತ್ತಿದ ಹೆಬ್ಬೆರಳನ್ನು ಮೆಲ್ಲಗೆ ಮುಟ್ಟಿದಳು.

"ನಾಳೆ ಇದು ಹೋದ್ರೆ, ಏನು ಹಾಕಿ ತೂಕ ಸರಿ ಮಾಡ್ತೀರಿ?"

ಮಾವ ತಲೆ ಎತ್ತದೆಯೇ ಪಂಚೆಯ ಮಡಿಕೆಯೊಳಗೆ ಕೈ ಹಾಕಿ, ಅವತ್ತಿನ ಪಾಲಿನ ರಸಪುರಿಯನ್ನು ತೆಗೆದು ಅವಳ ಕೈಯಲ್ಲಿಟ್ಟರು. ಅದಿನ್ನೂ ಬೆಚ್ಚಗಿತ್ತು.