ಹಚಾ ಅಂದರೆ ಬರುವ ನಾಯಿ

ಕರಿಬಸಮ್ಮನ ಬಾಯಿಗೆ ಹೆದರಿ ಕೊರಟಗೆರೆಯ ಪೇಟೆಬೀದಿಯ ಕಾಗೆಗಳು ಕೂಡ ಅವಳ ಮನೆಯ ಸೂರಿನ ಮೇಲೆ ಕೂರುತ್ತಿರಲಿಲ್ಲ. ಅಂಥವಳು ಪ್ಲೇಗಿನ ವರ್ಷ ಒಂದು ನಾಯಿಯನ್ನು ಬಾವಿಯಿಂದ ಮೇಲೆತ್ತಿದಳು.

ಊರಿಗೆ ಊರೇ ಹೊಲಗಳಲ್ಲಿ ಜೋಪಡಿ ಹಾಕಿಕೊಂಡಿದ್ದ ಕಾಲ ಅದು. ಜೋಪಡಿಯ ಹಿಂದಿನ ಪಾಳುಬಾವಿಯೊಳಗೆ ಏನೋ ಕುಂಯ್‌ಗುಡುವುದನ್ನು ಬೆಳಗಿನಿಂದ ಕೇಳಿ ಕೇಳಿ ಅವಳಿಗೆ ರೇಗಿಹೋಯಿತು. ಗಂಡ ವೃಷಭೇಂದ್ರಪ್ಪನನ್ನು ಬೈದು, ಹಗ್ಗವನ್ನು ಬೈದು, ಮಂಕರಿ ಇಳಿಬಿಟ್ಟಳು. ಕೆಳಗಿದ್ದ ಕರಿಯ ನಾಯಿ ತಾನಾಗಿಯೇ ಹತ್ತಿ ಕೂತಿತು. ಮೇಲೆ ಬಂದದ್ದೇ ಮೈ ಕೊಡವಿ ಅವಳ ಸೀರೆಗೆಲ್ಲ ಕೆಸರೆರಚಿತು.

"ಹಚಾ! ಲಿಂಗಪೂಜೆ ಮಾಡೋ ಮನೇರು ಕಣ್ಲಾ ನಾವು! ಹಚಾ!"

ಕಿರುಚಿದವಳು ಅದರ ಪಕ್ಕೆಲುಬು ನೋಡಿ ಅರ್ಧ ಮುದ್ದೆ ಎಸೆದಳು. ಸಂಜೆ ಮತ್ತೆ "ಹಚಾ", ಮತ್ತೆ ಮುದ್ದೆ. ಹೀಗೇ ನಡೆದು, ತನ್ನ ಹೆಸರೇ ಹಚಾ ಎಂದು ನಾಯಿ ತಿಳಿದುಕೊಂಡಿತು. ಯಾರು ಹಾಗೆಂದರೂ ಬಾಲ ಆಡಿಸುತ್ತ ಓಡಿಬರುತ್ತಿತ್ತು.

ಪ್ಲೇಗು ಇಳಿದು ಜನ ಊರು ಸೇರಿದ ಮೇಲೆ ಪೇಟೆಬೀದಿಯ ಪಾಡು ಕೇಳಬೇಡಿ. ಎದುರುಮನೆಯ ಸರ್ವಮಂಗಳಾ ಹಪ್ಪಳದ ಹತ್ತಿರ ಸುಳಿದ ಬೀದಿನಾಯಿಗೆ "ಹಚಾ" ಅಂದಳು. ಅದು ಓಡಿತು, ಇದು ಬೀದಿಯ ಆ ತುದಿಯಿಂದ ಹಾರಿಬಂದು ಹಪ್ಪಳದ ಮೇಲೆ ಅಂಗಾತ ಹೊರಳಿತು. ಭಿಕ್ಷಕ್ಕೆ ದಯಮಾಡಿಸಿದ ಅಯ್ಯನೋರು ನಾಗಲಿಂಗಯ್ಯ ಗಾಬರಿಯಲ್ಲಿ "ಹಚಾ ಹಚಾ" ಅಂದುಬಿಟ್ಟರು. ನಾಯಿಯ ಮುಂಗಾಲೆರಡೂ ಅವರ ಭುಜದ ಮೇಲೆ!

"ಬುದ್ಧಿ, ಎರಡು ಸಲ ಕರೆದ್ರಲ್ಲ, ಅದ್ಕೇ ಎರಡು ಕಾಲು," ಎಂದ ವೃಷಭೇಂದ್ರಪ್ಪ.

ಕರಿಬಸಮ್ಮ ಅಡುಗೆಮನೆಗೆ ಓಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮದುವೆಯಾದಾಗಿನಿಂದ ಅವಳು ಹಾಗೆ ನಕ್ಕಿದ್ದನ್ನು ಗಂಡ ಕಂಡಿರಲಿಲ್ಲ. ಜಗುಲಿಯ ಕೆಳಗಿದ್ದ ನಾಯಿ ಜಗುಲಿಗೆ ಬಂತು, ಪಡಸಾಲೆಗೆ ಬಂತು, ಕೊನೆಗೆ ಅವಳ ಕಾಲಬುಡಕ್ಕೇ ಬಂತು.

"ಲಿಂಗಪೂಜೆ ಮನೆ ಅಂತಿದ್ದೆ?"

"ಚಳಿಗೆ ಬಂದೈತೆ, ಸುಮ್ನಿರ್ರೀ!" ಅದು ಬೇಸಿಗೆ.

ಸುಗ್ಗಿ ಮುಗಿದಾಗ ಪಾವಗಡದ ಕಡೆಯ ಕುರಿಗಾಹಿ ಮೂಡಲಗಿರಿಯಪ್ಪ ಗೊಬ್ಬರಕ್ಕೆಂದು ಹೊಲಗಳಲ್ಲಿ ಮಂದೆ ನಿಲ್ಲಿಸಲು ಬಂದ. ಬೀದಿಯಲ್ಲಿ ಹಾಯುವಾಗ ನಾಯಿಯನ್ನು ಕಂಡವನೇ, ಕರಿಯಾ ಬಾರೋ ಎಂದು ತನ್ನ ತೆಲುಗಿನಲ್ಲಿ ಕೂಗಿದ.

"ನಲ್ಲೋಡಾ! ರಾರಾ!"

ನಾಯಿ ಹೋಗಿ ಅವನ ಕಾಲಿಗೆ ಸುತ್ತಿಕೊಂಡು ಊಳಿಟ್ಟಿತು.

"ಪ್ಲೇಗಿನ ವರ್ಷ ಇಲ್ಲೇ ಕಳೆದೋದ, ತಲ್ಲೀ, ನನ್ನವ್ವಾ. ಬಾವಿಗೆ ಬಿದ್ದಿದ್ನಾ ನಾ ಕೊಡುಕು, ನನ್ ಮಗ!"

"ನಾಯಿ ನಂದು! ನಿನ್ನ ಕುರಿ ಹೊಡ್ಕೊಂಡು ನಡಿ!"

"ನಿಜಮೇ ತಲ್ಲೀ. ಎತ್ತಿದೋಳು ನೀನು, ನಿಂದೇ. ಆದ್ರೆ ಇವ್ನಿಲ್ದೆ ತೋಳ ಮರಿಗಳ್ನ ಹೊತ್ಕೊಂಡು ಹೋಗ್ತೈತೆ. ಮಂದೆ ಅರ್ಧ ಆಗೋಯ್ತು."

ಜಗಳಕ್ಕೆ ನಿಂತಿದ್ದರೆ ಕರಿಬಸಮ್ಮ ಗೆದ್ದೇ ಗೆಲ್ಲುತ್ತಿದ್ದಳು. ಈ ಮನುಷ್ಯ ಜಗಳವನ್ನೇ ಆಡಲಿಲ್ಲ. ಅವನ ಹೆಗಲ ಮೇಲೊಂದು ಮರಿ, ಅದರ ತೊಡೆಯ ಗಾಯಕ್ಕೆ ಅರಿಶಿನ.

"ಕರ್ಕೊಂಡೋಗು. ಮತ್ತೆ ನನ್ ಕಣ್ಣಿಗೆ ಬೀಳ್ಬೇಡ."

ನಾಯಿ ಅವನ ಹಿಂದೆ ಸ್ವಲ್ಪ ದೂರ ಹೋಗಿ, ತಿರುಗಿ ನೋಡಿ, ವಾಪಸು ಬಂತು.

"ಹೋಗು ಅಂದ್ನಲ್ಲ! ಹಚಾ!"

ನೆಗೆದು ಬಂತು.

"ಹಚಾ ಅಂತೀನಿ, ಹಚಾ!"

ಎರಡೂ ಕಾಲು ಭುಜದ ಮೇಲೆ. ಬೀದಿಗೆ ಬೀದಿಯೇ ನಕ್ಕಿತು. ಕರಿಬಸಮ್ಮ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯದು. ನಾಯಿ ಮಾತ್ರ ಅವಳ ಮುಖ ನೆಕ್ಕುತ್ತಲೇ ಇತ್ತು.

"ಲೇ, ನೀನು ಬೈತಾ ಇರೋವರ್ಗೂ ಅದು ಹೋಗಾಕಿಲ್ಲ ಕಣೇ. ಬಾಯಿ ಮುಚ್ಕೊ," ಎಂದ ವೃಷಭೇಂದ್ರಪ್ಪ.

ಬೇರೆ ದಿನವಾಗಿದ್ದರೆ ಅವನ ಚರ್ಮ ಸುಲಿಯುತ್ತಿದ್ದಳು. ಇಂದು ಸೆರಗನ್ನು ಬಾಯಿಗೆ ತುರುಕಿ, ಮೇಲೆ ಎರಡೂ ಕೈ ಒತ್ತಿಕೊಂಡಳು.

"ನಲ್ಲೋಡಾ, ದಾ," ಎಂದು ಮತ್ತೆ ಕರೆದ ಮೂಡಲಗಿರಿಯಪ್ಪ.

ನಾಯಿ ಅವಳ ಬಾಯಿಯನ್ನೇ ನೋಡುತ್ತ ನಿಂತಿತು. ಬಾಯಿ ತೆರೆಯಲಿಲ್ಲ. ನೋಡಿತು, ಕಾಯಿತು, ಆಮೇಲೆ ಹೊರಟಿತು. ಬೀದಿಯ ತಿರುವಿನಲ್ಲಿ ಕುರಿಗಳು ಕಂಡದ್ದೇ ಅಮಲ್ದಾರರ ಗತ್ತಿನಲ್ಲಿ ಬೊಗಳಿ, ಚದುರಿದ ಮಂದೆಯನ್ನೆಲ್ಲ ಒಟ್ಟು ಮಾಡಿಕೊಂಡು ಮರೆಯಾಯಿತು.

ಜಗುಲಿಯ ಮೇಲೆ ಅದರ ಪಾಲಿನ ಮುದ್ದೆ ಹಾಗೇ ಇತ್ತು. ಬೀದಿನಾಯಿಯೊಂದು ಮೂಸಲು ಬಂತು. ಎದುರುಮನೆಯಿಂದ ಸರ್ವಮಂಗಳಾ ಕೂಗಿದಳು: "ಹಚಾ!"

"ಏಯ್ ಸರ್ವಮಂಗಳಾ, ಮುಚ್ಚೇ ಬಾಯಿ! ಅವ್ನಿನ್ನೂ ಕೆರೆ ಏರಿ ದಾಟಿಲ್ಲ. ಕೇಳಿಸ್ಕೊಂಡು ಬಂದ್ಬುಟ್ಟಾನು!"

ಹಾಗೆ ಗದರಿದವಳೇ ಬೀದಿಗಿಳಿದು, ಬಂದನೇನೋ ಎಂದು ತಿರುವಿನ ತನಕ ಹೋಗಿ ನೋಡಿದಳು.