ಎಲ್ಲರಿಗೂ ತೋರಿಸಲೇ?

ಅಜಯ ಲ್ಯಾಪ್‌ಟಾಪ್ ತೆರೆದಾಗಿನಿಂದ ಸಿಲ್ವಿಯಾಗೆ ಒಂದೇ ಚಿಂತೆ. ಆ್ಯಪಿನ ಕೋಡಿನಲ್ಲಿ ತಾನು ಬದಲಿಸಿದ ಆ ಸಾಲು ಇರುವ ಜಾಗ ಅವಳಿಗೆ ಗೊತ್ತು. ಇವನ ಕಣ್ಣಿಗೆ ಬೀಳಲು ಎಷ್ಟು ಹೊತ್ತು ಬೇಕು? ಸುಳ್ಳು ಎನ್ನುವಷ್ಟು ದೊಡ್ಡದೇನಲ್ಲ ಅದು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಮರುಕ್ಷಣ, ಅಲ್ಲ, ಸುಳ್ಳೇ ಎಂದು ಒಪ್ಪಿಕೊಂಡಳು.

ಹಳಿಯಾಳದ ಬಸ್‌ಸ್ಟ್ಯಾಂಡ್ ಹಿಂದಿನ ಆ ಮಾಳಿಗೆಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕೌದಿಗಳ ಒಟ್ಟಿಲು. ಸಿದ್ದಿ ಹೆಂಗಸರು ಹೊಲಿದ ಕೌದಿಗಳನ್ನು ಮಾರಿಕೊಡುವ ಸಂಸ್ಥೆ ಸುಮಿತಾ ಮೇಡಂ ಅವರದು. ಬಿಸಿಎ ಮುಗಿಸಿ ಮನೆಯಲ್ಲಿ ಕೂತಿದ್ದ ಸಿಲ್ವಿಯಾಳನ್ನು ಕರೆದು, ಅವಳ ಕೈಯಿಂದಲೇ ಆ್ಯಪ್ ಮಾಡಿಸಿದವರು ಅವರೇ. ಹೊಲಿದವಳು ತನ್ನ ಮೊಬೈಲಿನಲ್ಲಿ ಕೌದಿಯ ಫೋಟೋ ತೆಗೆದರೆ ಅದು ಆ್ಯಪಿಗೆ ಬರುತ್ತದೆ. ಅಲ್ಲಿಂದ ಸೋಶಿಯಲ್ ಮೀಡಿಯಾದ ಪೇಜಿಗೆ ಕಳಿಸಲು ಸಿಲ್ವಿಯಾ ಒಂದು ಲೈಬ್ರರಿ ಬಳಸಿದ್ದಳು. ಯಾರೋ ಬರೆದಿಟ್ಟ ಸಿದ್ಧ ಕೋಡು. ತನ್ನ ಕೋಡಿಗೆ ಅದನ್ನು ಜೋಡಿಸಿದರೆ ಸಾಕು.

ತೆಗೆದ ಫೋಟೋ ಯಾರನ್ನೂ ಕೇಳದೆ ಸೀದಾ ಪೇಜಿಗೆ ಹೋಗಬೇಕು ಎಂದು ಮೇಡಂ ಮೊದಲೇ ಹೇಳಿದ್ದರು. ಹಾಗೇ ಮಾಡಿಯೂ ಆಗಿತ್ತು. ಆದರೆ ಪೇಜಿಗೆ ಜೋಡಿಸುವ ಮೊದಲು ಪರೀಕ್ಷೆಗೆಂದು ಹೆಂಗಸರ ಕೈಗೆ ಆ್ಯಪ್ ಕೊಟ್ಟಾಗ ಬಂದ ಫೋಟೋಗಳನ್ನು ನೋಡಿ ಸಿಲ್ವಿಯಾ ಬೆಚ್ಚಿದ್ದಳು. ಅವರು ಮಾರಲು ತೆಗೆದ ಫೋಟೋಗಳಲ್ಲ ಅವು. ಅರ್ಧ ಹೊಲಿದ ಕೌದಿ ಹಾಸಿ, ಇಲ್ಲಿ ಕೆಂಪು ಹಚ್ಚಲೋ ನೀಲಿಯೋ ಎಂದು ಊರಿನ ಹಿರಿಯ ಹೊಲಿಗೆಗಾರ್ತಿ ಲೂಸಿ ಮೌಶಿಯನ್ನು ಕೇಳಲು ತೆಗೆದವು. ನಾಲ್ಕು ಮೂಲೆಗೆ ಫೂಲ ಎಂಬ ಬಟ್ಟೆಯ ಹೂವು ಕೂಡಿಸದ ಕೌದಿಯನ್ನು ಅವರು ಹೊರಗಿನವರ ಮುಂದೆ ಬಿಡಿಸುವುದಿಲ್ಲ; ಅದು ಬತ್ತಲೆ ಎನ್ನುತ್ತಾರೆ. ಒಂದು ಫೋಟೋದಲ್ಲಿ ಕೌದಿಯ ಹಿಂದೆ ಬಚ್ಚಲು ಕಾಣುತ್ತಿತ್ತು. ಇನ್ನೊಂದರಲ್ಲಿ ಶಹನಾಜ ಎಂಬಾಕೆ ತಲೆಯ ಮೇಲೆ ಸೆರಗಿಲ್ಲದೆ ಕೂತು ಮಗುವಿಗೆ ಹಾಲೂಡಿಸುತ್ತಿದ್ದಳು.

ಇದನ್ನೆಲ್ಲ ಮೇಡಂ ಮುಂದೆ ಹೇಳಲು ಸಿಲ್ವಿಯಾಗೆ ಬಾಯಿ ಬರಲಿಲ್ಲ. ಫೋಟೋ ತಾನಾಗಿ ಪೇಜಿಗೆ ಹೋಗುವಂತೆ ಮಾಡಲು ಈ ಲೈಬ್ರರಿಯಲ್ಲಿ ಬರುವುದಿಲ್ಲ ಎಂದುಬಿಟ್ಟಳು. ಒಂದು ಸಾಲನ್ನು ಬದಲಿಸಿ, ಪ್ರತಿ ಫೋಟೋದ ಕೆಳಗೆ ‘ಎಲ್ಲರಿಗೂ ತೋರಿಸಲೇ?’ ಎಂಬ ಬಟನ್ ಇಟ್ಟಳು. ಒತ್ತಿದರಷ್ಟೇ ಫೋಟೋ ಹೊರಗೆ ಹೋಗುತ್ತದೆ. ಹೆಂಗಸರು ಅಪರೂಪಕ್ಕೊಮ್ಮೆ ಒತ್ತಿದರು. ಕೌದಿ ಬೇಕೆಂದು ದಾಂಡೇಲಿಯ ರೆಸಾರ್ಟುಗಳಿಂದ ಬರುತ್ತಿದ್ದ ವಿಚಾರಣೆಯೂ ಕಡಿಮೆಯಾಯಿತು. ಈಗ ಮೇಡಂ ಕೋಡು ನೋಡಿ ಸರಿಮಾಡಲು ಹುಬ್ಬಳ್ಳಿಯಿಂದ ಅಜಯನನ್ನು ಕರೆಸಿದ್ದಾರೆ. ಊರಿನ ಹೆಂಗಸರ ಪರವಾಗಿ ಲೂಸಿ ಮೌಶಿಗೂ ಹೇಳಿಕಳಿಸಿದ್ದರು. ಸಿಲ್ವಿಯಾಳ ಅವ್ವನ ಅಕ್ಕ ಆಕೆ. ಬಾಗಿಲ ಬಳಿ ಕೌದಿಯ ಗಂಟಿನ ಮೇಲೆ ಕೈಯಿಟ್ಟು ಕೂತಿದ್ದಳು.

“ವಾಟ್ಸಾಪಿನಾಗ ಗುಡ್ ಮಾರ್ನಿಂಗ್ ಹೂವು ಕಳಸಾಕ ಮರಿಯಂಗಿಲ್ಲ ನೀವು. ಈ ಒಂದ ಬಟನ್ ಒತ್ತಾಕ ಏನ್ ಧಾಡಿ?” ಎಂದರು ಸುಮಿತಾ ಮೇಡಂ.

“ಬೆರಳಿಗೆ ಸೂಜಿ ರೂಢಿ ಆಗೇತ್ರಿ ಬಾಯಾರ,” ಎಂದು ಲೂಸಿ ನಕ್ಕಳು. “ತಪ್ಪು ನಮ್ದರಿ. ಇನ್ನ ಮ್ಯಾಲ ಒತ್ತತೇವಿ.”

ಮೇಡಂ ನಗಲಿಲ್ಲ. ಮುಂಡಗೋಡ ಕಡೆಯ ಹೆಂಗಸರು ಚುರುಕಾಗಿದ್ದಾರಂತೆ. ಹೀಗೇ ಆದರೆ ಲೂಸಿಯ ಊರಿನ ಕೌದಿ ತೆಗೆದುಕೊಳ್ಳುವುದನ್ನು ಬಿಟ್ಟು ಅವರಿಗೇ ಕೆಲಸ ಕೊಡುತ್ತಾರಂತೆ. ಲೂಸಿ ತಲೆ ತಗ್ಗಿಸಿ ಗಂಟಿನ ತುದಿಯನ್ನು ಬಿಗಿದಳು, ಸಡಿಲಿಸಿದಳು, ಮತ್ತೆ ಬಿಗಿದಳು. ಮೌಶಿ ತನ್ನದೆಂದ ತಪ್ಪು ನಿಜಕ್ಕೂ ಯಾರದೆಂದು ಸಿಲ್ವಿಯಾಗೆ ಗೊತ್ತಿತ್ತು. ಏಳೋಣವೆಂದುಕೊಂಡಳು. ಏಳಲಿಲ್ಲ.

ಅಜಯನ ಬೆರಳು ಪರದೆಯ ಮೇಲಿನ ಸಾಲುಗಳನ್ನು ಸರಿಸುತ್ತಿತ್ತು. ಸರಿಸಿತು. ನಿಂತಿತು. ಸ್ವಲ್ಪ ಹಿಂದಕ್ಕೆ ಬಂತು.

“ಮೇಡಂ, ಇದು ಲೈಬ್ರರಿ ಒಳಗ ಐತ್ರಿ,” ಎಂದ. “ತಾನ ಹೋಗೂ ಹಂಗ ಮಾಡಾಕ ಬರ್ತೈತಿ. ಇಲ್ಲಿ ಬಂದ್ ಆಗೇತಿ, ಅಷ್ಟ. ಚಾಲೂ ಮಾಡಿದ್ರ ಒಳಗ ಇದ್ದ ಹಳೇ ಫೋಟೋನೂ ಎಲ್ಲಾ ಹೊಂಟು ಹೋಗ್ತಾವು.”

“ಮಾಡ್ರಿ ಮತ್ತ.” ಮೇಡಂ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡರು. ಆಮೇಲೆ ಏನೋ ನೆನಪಾದವರಂತೆ ಸಿಲ್ವಿಯಾಳ ಕಡೆ ತಿರುಗಿದರು. “ಬರಂಗಿಲ್ಲ ಅಂದಿದ್ದಿಯಲ್ಲ ನೀ?”

ಅಜಯ ಅವಳ ಮುಖ ನೋಡಿದ. ಒಳ್ಳೆಯ ಹುಡುಗನೇ, ಅವಳಿಗೆ ದಾರಿ ಬಿಟ್ಟುಕೊಟ್ಟ. ಹೊಸಬರಿಗೆ ಹೀಗಾಗುವುದು ಸಹಜ, ಕಣ್ತಪ್ಪಿನಿಂದ ಆಗಿರಬೇಕು, ಹೌದಲ್ಲವೇ ಎಂದು ಕೇಳಿದ. ಅವಳು ತಲೆಯಾಡಿಸಿದರೆ ಸಾಕಿತ್ತು. ಇಷ್ಟು ದಿನ ಈ ಕೋಣೆಯಲ್ಲಿ ಅವಳು ಮಾಡಿದ್ದೂ ಅದನ್ನೇ.

ಕೆಳಗೆ ದಾಂಡೇಲಿ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಏನು ನಡೆಯುತ್ತಿದೆಯೆಂದು ತಿಳಿಯದ ಲೂಸಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಅಜಯನ ಬೆರಳು ಕೀಲಿಮಣೆಯ ಮೇಲಿತ್ತು.

ಸಿಲ್ವಿಯಾ ಎದ್ದು ಬಂದು ಲ್ಯಾಪ್‌ಟಾಪಿನ ಅಂಚು ಹಿಡಿದುಕೊಂಡಳು.

“ಕಣ್ತಪ್ಪಿ ಅಲ್ರಿ,” ಎಂದಳು. “ಅವ್ರನ್ನ ಕೇಳದ ಹಾಕಬಾರ್ದಂತ ನಾನ ಬಂದ್ ಮಾಡೇನಿ.”