ಪಾವನಾಗೆ ಕೊಟ್ಟ ಬಾಟಲಿ

"ನಾನು ಮಾತಾಡ್ತಿದ್ರೆ ಕಣ್ಮುಚ್ಚಿ ಕೂತಿದ್ದೀರಲ್ರೀ!" ಪದ್ಮಿನಿ ಸೌಟನ್ನು ಕುಕ್ಕಿದಳು.

"ಮುಚ್ಚಿಲ್ಲ ಕಣೇ, ರೆಪ್ಪೆ ಎತ್ತಕ್ಕೇ ಆಗ್ತಿಲ್ಲ," ಎಂದ ಗಂಡ ವಿಠ್ಠಲ. "ನಿನ್ನೆಯಿಂದ ಎಲ್ಲಾ ಎರಡೆರಡು. ನೀನೂ ಇಬ್ರು."

"ಒಬ್ಬಳ ಮಾತೇ ಕೇಳಲ್ಲ, ಇಬ್ರು ಬೇರೆ! ಸದಾ ಲ್ಯಾಪ್‌ಟಾಪ್ ನೋಡಿದ್ರೆ ಇನ್ನೇನಾಗುತ್ತೆ?"

ಬಯ್ಯುತ್ತಲೇ ನೀರು ಕೊಟ್ಟಳು. ಗುಟುಕು ಗಂಟಲಿಗಿಳಿಯದೆ ಮೂಗಿನಿಂದ ಹೊರಬಂತು. ಅವಳು ಒಲೆ ಆರಿಸಿ ಅವನ ಕೋಟು ಎತ್ತಿಕೊಂಡಳು.

ಪರದೇಶದಲ್ಲಿ ಅವರಿದ್ದ ವೆಸ್ಟೆರಾಸ್ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಕಣ್ಣನ್ನೇ ತುಂಬಾ ಹೊತ್ತು ನೋಡಿ, ಮನೆಯಲ್ಲೇ ಮಾಡಿ ಮುಚ್ಚಿಟ್ಟಿದ್ದು ಏನಾದರೂ ತಿಂದರಾ ಎಂದು ಕೇಳಿದಳು. ಪದ್ಮಿನಿಗೆ ಮೈಯೆಲ್ಲ ಉರಿಯಿತು. ಕಣ್ಣು ನೋಡು ಎಂದರೆ ನನ್ನ ಅಡುಗೆಗೇ ಬಂದಳಲ್ಲ ಇವಳು!

"ಬೆಳ್ಳುಳ್ಳಿ ಉಪ್ಪಿನಕಾಯಿ. ನಮ್ಮಮ್ಮ ಮಾಡಿದ್ದು ವರ್ಷಗಟ್ಟಲೆ ಇರುತ್ತಿತ್ತು, ಗೊತ್ತಾ?" ಎಂದು ಇಂಗ್ಲಿಷಿನಲ್ಲೇ ಜಗಳಕ್ಕೆ ನಿಂತಳು.

ಆದರೆ ಅಮ್ಮ ಉಪ್ಪನ್ನು ಬೊಗಸೆಗಟ್ಟಲೆ ಸುರಿಯುತ್ತಿದ್ದಳು, ನಿಂಬೆರಸ ಹಿಂಡುತ್ತಿದ್ದಳು, ತಾರಸಿಯ ಬಿಸಿಲಿಗಿಡುತ್ತಿದ್ದಳು. ಇವಳು ವಿಠ್ಠಲನ ಬಿಪಿಗೆಂದು ಉಪ್ಪು ಚಿಟಿಕೆ ಹಾಕಿದ್ದಳು, ಅಸಿಡಿಟಿಗೆಂದು ಹುಳಿಯನ್ನೇ ಬಿಟ್ಟಿದ್ದಳು. ಈ ದೇಶದಲ್ಲಿ ಬಿಸಿಲೆಲ್ಲಿ? ಕತ್ತಿನವರೆಗೆ ಎಣ್ಣೆ ತುಂಬಿ, ಕಿಟಕಿಯ ಕೆಳಗಿನ ಹೀಟರಿನ ಮೇಲಿಟ್ಟಿದ್ದಳು. ಕಾರ್ತಿಕವೆಂದು ತಾನು ಬೆಳ್ಳುಳ್ಳಿ ಮುಟ್ಟಿರಲಿಲ್ಲ. ಕೆದಕಿದ್ದಕ್ಕೆ ಇದನ್ನೆಲ್ಲ ಒಂದೊಂದಾಗಿ ಹೇಳಿದಳು.

ಬೆಳ್ಳುಳ್ಳಿ ಉಪ್ಪು ಹುಳಿಯಿಲ್ಲದೆ ಎಣ್ಣೆಯಡಿ ಬೆಚ್ಚಗಿದ್ದರೆ ವಿಷವಾಗಬಹುದು, ವಾಸನೆಯಿಂದ ತಿಳಿಯುವುದಿಲ್ಲ, ಮೊದಲು ಕಣ್ಣು ಹಿಡಿದು ಆಮೇಲೆ ಉಸಿರಿಗೆ ಬರುತ್ತದೆ, ಅದೇ ಇರಬೇಕು ಎಂದಳು ಡಾಕ್ಟರಮ್ಮ. ಪ್ರತಿವಿಷದ ಮದ್ದು ತರಿಸುತ್ತಿದ್ದಾರಂತೆ. "ಬೇರೆ ಯಾರಾದರೂ ತಿಂದಿದ್ದಾರಾ?"

ಪದ್ಮಿನಿ ಫೋನಿಗಾಗಿ ತಡಕಿದಳು. ಕಳೆದ ಭಾನುವಾರ ಬಂದಿದ್ದ ಗೆಳತಿ ಪಾವನಾಗೆ, ಬೇಡವೆಂದರೂ ಬಿಡದೆ, ಅದೇ ಉಪ್ಪಿನಕಾಯಿಯ ಒಂದು ಬಾಟಲಿ ಚೀಲಕ್ಕೆ ತುರುಕಿದ್ದಳು. ಪಾವನಾ ಸೊಲ್ಲೆಂಟುನಾ ಎಂಬ ದೂರದ ಊರಿನ ಮನೆಯಲ್ಲಿ ಒಬ್ಬಳೇ ಇರುವವಳು. ಹೇಗೆ ಹೇಳುವುದು? ಹಾಳಾದ್ದು ಈ ಮಾನ! ತನ್ನ ಮೇಲೇ ಹಲ್ಲು ಕಡಿಯುತ್ತಾ ಕೋಣೆಯ ಹೊರಗೆ ಬಂದು ಫೋನ್ ಒತ್ತಿದಳು.

"ಅಕ್ಕಾ, ನೂರು ವರ್ಷ ಆಯಸ್ಸು! ಈಗ ನಿಮ್ಮ ಉಪ್ಪಿನಕಾಯಲ್ಲೇ ಊಟ ಆಯ್ತು."

"ಅದನ್ನ ಮುಟ್ಟಬೇಡ ಕಣೇ! ಅದು ಕೆಟ್ಟಿದೆ, ನಾನೇ ಕೆಡಿಸಿದ್ದು. ನಿನ್ನ ಕಣ್ಣು ಹೇಗಿದೆ?"

"ಕಣ್ಣಾ? ಬೆಳಗ್ಗಿಂದ ಯಾಕೋ ಮಂಜು ಮಂಜು. ಆಫೀಸ್ ಕೆಲಸ ಜಾಸ್ತಿ ಆಯ್ತು, ಮಲಗಿದ್ರೆ ಸರಿ..."

"ಮಲಗಿದ್ರೆ ಕೊಂದುಬಿಡ್ತೀನಿ! ಆಂಬುಲೆನ್ಸ್ ಕರೆಸು. ಬಾಟಲಿ ಜೊತೆಗಿರ್ಲಿ. ಹ್ಞೂಂ ಅನ್ನೇ, ಹ್ಞೂಂ ಅನ್ನು!"

ಕೋಣೆಯ ಗಾಜಿನಾಚೆ ಡಾಕ್ಟರಮ್ಮ ವಿಠ್ಠಲನ ರೆಪ್ಪೆಯನ್ನು ಬೆರಳಿನಿಂದ ಎತ್ತಿದಳು. ಕಣ್ಣು ಪದ್ಮಿನಿಯತ್ತ ಹೊರಳಿತು. ಬೆರಳು ತೆಗೆದೊಡನೆ ರೆಪ್ಪೆ ಮತ್ತೆ ಇಳಿಯಿತು.